ಇವತ್ತಿಗೆ ಎಷ್ಟನೇ ದಿನ?

‘ಕೊಲೆಗಾರನಿಗೆ ಎಂಥ ಮಾನವ ಹಕ್ಕು? ಸತ್ತವರಿಗೆ ಇರಲಿಲ್ಲವೇ?’ ಜೈಲಿನ ಬಗ್ಗೆ ಏನು ಬರೆದರೂ ಮೊದಲು ಎದುರಾಗುವ ಪ್ರಶ್ನೆ ಇದು. ಕೇಳುವವರ ಸಿಟ್ಟು ಸುಳ್ಳಲ್ಲ. ಆದರೆ ಒಳಗಿರುವವನೇ ಕೊಂದವನು ಎಂದು ಅವರು ಆಗಲೇ ತೀರ್ಮಾನಿಸಿರುತ್ತಾರೆ.

ಜಪಾನಿನ ಇವಾವೊ ಹಕಮಾಡಾ ವಿಷಯದಲ್ಲೂ ಹಾಗೆಯೇ ತೀರ್ಮಾನವಾಗಿತ್ತು. ಮಾಜಿ ಬಾಕ್ಸರ್. ಒಂದೇ ಕುಟುಂಬದ ನಾಲ್ವರ ಕೊಲೆ ಆರೋಪದಲ್ಲಿ 1966ರಲ್ಲಿ ಬಂಧನ. ಸುಮಾರು 20 ದಿನಗಳ ವಿಚಾರಣೆಯ ನಂತರ ತಪ್ಪೊಪ್ಪಿಗೆ. ಅದನ್ನು ಅವರು ನ್ಯಾಯಾಲಯದಲ್ಲಿ ನಿರಾಕರಿಸಿದರೂ 1968ರಲ್ಲಿ ಮರಣದಂಡನೆ ಬಿತ್ತು. ಅಲ್ಲಿ ಗಲ್ಲಿಗೇರಿಸುವ ಸುದ್ದಿಯನ್ನು ಕೈದಿಗೆ ತಿಳಿಸುವುದು ಅದೇ ದಿನ ಬೆಳಿಗ್ಗೆ. ಅಂಥ ಎಷ್ಟು ಬೆಳಗುಗಳನ್ನು ಅವರು ಕಿವಿಗೊಟ್ಟು ಕಳೆದಿರಬೇಕು! ಬಹುಕಾಲ ಒಂಟಿ ಸೆರೆ ಬೇರೆ. 2014ರಲ್ಲಿ ಹೊರಬಂದಾಗ ಮನಸ್ಸಿನ ಸ್ತಿಮಿತ ತಪ್ಪಿಹೋಗಿತ್ತು. 2024ರಲ್ಲಿ, ಅವರ 88ನೇ ವಯಸ್ಸಿನಲ್ಲಿ, ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ತನಿಖೆ ಮಾಡಿದವರೇ ಸಾಕ್ಷ್ಯ ಸೃಷ್ಟಿಸಿದ್ದರು ಎಂದೂ ಹೇಳಿತು. ತೀರ್ಪು ಕೇಳಲು ಅವರಿಗೆ ಹೋಗಲಾಗಲಿಲ್ಲ. ಹೋದದ್ದು 91ರ ಅಕ್ಕ ಹಿಡೆಕೊ.

ಕೈದಿಗಳನ್ನು ನಡೆಸಿಕೊಳ್ಳುವ ಕನಿಷ್ಠ ನಿಯಮಗಳು ಅಂತರರಾಷ್ಟ್ರೀಯ ಮಟ್ಟದಲ್ಲಿ ರೂಪುಗೊಂಡದ್ದು 1955ರಲ್ಲಿ. ವಿಶ್ವಸಂಸ್ಥೆ 2015ರಲ್ಲಿ ಅವನ್ನು ಪರಿಷ್ಕರಿಸಿ, 27 ವರ್ಷ ಸೆರೆಯಲ್ಲಿದ್ದ ಮಂಡೇಲಾ ಹೆಸರಿಟ್ಟಿತು. ಒಟ್ಟು 122 ನಿಯಮಗಳು. ಬಹಳಷ್ಟು ಒಣ ಒಣ ಎನಿಸುತ್ತವೆ, ಆದರೆ 44ನೆಯದನ್ನು ಓದಿ ನಾನು ಅಲ್ಲೇ ನಿಂತೆ. ಮನುಷ್ಯರ ಒಡನಾಟವಿಲ್ಲದೆ ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೂಡಿಹಾಕಿದರೆ ಅದು ಒಂಟಿ ಸೆರೆ. ಸತತ 15 ದಿನ ಮೀರಿದರೆ ದೀರ್ಘಾವಧಿಯ ಒಂಟಿ ಸೆರೆ. ಆ ದೀರ್ಘಾವಧಿಯದನ್ನು 43ನೇ ನಿಯಮ ನಿಷೇಧಿಸುತ್ತದೆ. ‘ನಮ್ಮ ಜೈಲುಗಳಲ್ಲಿ ಮಾನವೀಯತೆಗೆ ಕೊರತೆಯಿಲ್ಲ’ ಎಂದು ಹೇಳಲು ಯಾವ ಸರ್ಕಾರಕ್ಕೂ ಕಷ್ಟವಿಲ್ಲ. ‘ಈತ ಒಬ್ಬನೇ ಇರುವುದು ಇವತ್ತಿಗೆ ಎಷ್ಟನೇ ದಿನ?’ ಎಂದು ಕೇಳಿದರೆ ಮಾತ್ರ ರಿಜಿಸ್ಟರ್ ತೆಗೆಯಬೇಕಾಗುತ್ತದೆ. ಕರುಣೆಗಿಂತ ಲೆಕ್ಕವನ್ನು ನಾನು ಹೆಚ್ಚು ನಂಬುವುದು ಇದಕ್ಕೇ.

ಈ ನಿಯಮಗಳನ್ನು ಮುರಿದವರನ್ನು ಹಿಡಿದು ದಂಡಿಸುವವರು ಯಾರೂ ಇಲ್ಲ, ನಿಜ. ಆದರೂ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದದ ಐಚ್ಛಿಕ ಶಿಷ್ಟಾಚಾರ, ಅಂದರೆ ದೇಶಗಳು ಇಷ್ಟವಿದ್ದರೆ ಒಪ್ಪಿಕೊಳ್ಳಬಹುದಾದ ಪೂರಕ ಒಪ್ಪಂದ, 2006ರಲ್ಲಿ ಜಾರಿಗೆ ಬಂದ ಮೇಲೆ ಒಂದು ಬಾಗಿಲು ತೆರೆದಿದೆ. ಅದನ್ನು ಒಪ್ಪಿಕೊಂಡ ದೇಶಗಳು ಅಂತರರಾಷ್ಟ್ರೀಯ ತಜ್ಞರನ್ನು ಜೈಲಿನೊಳಗೆ ಬಿಡಬೇಕು. ಕಾವಲುಗಾರರಿಲ್ಲದೆ ಕೈದಿಯೊಡನೆ ಮಾತನಾಡಲೂ ಬಿಡಬೇಕು. ‘ಹೊರಗಿನವರಿಗೆ ಇಲ್ಲೇನು ಕೆಲಸ?’ ಎನ್ನುವವರು ಯೋಚಿಸಲಿ: ಕಾವಲುಗಾರನ ಎದುರೇ ಕಾವಲುಗಾರನ ಮೇಲೆ ದೂರು ಹೇಳುವವರು ಎಷ್ಟು ಜನ?

ಇನ್ನು ಸತ್ತವರ ಹಕ್ಕಿನ ಮಾತು. 1966ರ ಆ ನಾಲ್ವರನ್ನು ಕೊಂದದ್ದಕ್ಕೆ ಹಕಮಾಡಾ ಬಿಟ್ಟು ಬೇರೆ ಯಾರಿಗೂ ಇಂದಿನವರೆಗೆ ಶಿಕ್ಷೆಯಾಗಿಲ್ಲ.