ಎಕ್ಸಿಟ್ ಬೋರ್ಡಿಗೂ ಎಕ್ಸ್‌ಪೈರಿ ಡೇಟ್ ಇದೆ, ನೋಡಿದ್ದೀರಾ?

ಕರೆಂಟ್ ಬೇಡ, ಬ್ಯಾಟರಿ ಬೇಡ, ಆದರೂ ಹಗಲು ರಾತ್ರಿ ಹೊಳೆಯುವ ಎಕ್ಸಿಟ್ ಬೋರ್ಡು ಅಮೆರಿಕದ ಅಂಗಡಿ, ಶಾಲೆ, ಥಿಯೇಟರುಗಳಲ್ಲಿ ಬಹಳ ಕಡೆ ಇದೆ. ಒಮ್ಮೆ ಗೋಡೆಗೆ ಹಾಕಿದರೆ ಮುಗಿಯಿತು ಅಂತ ಎಲ್ಲರೂ ಅದನ್ನು ಮರೆತುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಅದರೊಳಗೆ ಇರುವುದು ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಹೈಡ್ರೋಜನ್. ಒಳಮೈಗೆ ಫಾಸ್ಫರ್ ಎಂಬ ಹೊಳೆಯುವ ಪುಡಿ ಬಳಿದ ಸಣ್ಣ ಗಾಜಿನ ಕೊಳವೆಗಳಲ್ಲಿ ಈ ಅನಿಲ ತುಂಬಿರುತ್ತಾರೆ. ಅದರಿಂದ ಹೊರಡುವ ಎಲೆಕ್ಟ್ರಾನುಗಳು ಫಾಸ್ಫರಿಗೆ ಬಡಿದು ಬೆಳಕಾಗುತ್ತದೆ. ಗಾಜು ದಾಟುವಷ್ಟು ಶಕ್ತಿ ಅವಕ್ಕಿಲ್ಲ, ಹಾಗಾಗಿ ಕೊಳವೆ ಒಡೆಯದಿದ್ದರೆ ಕೆಳಗೆ ಓಡಾಡುವವರು ಹೆದರಬೇಕಿಲ್ಲ.

ಆದರೆ ಟ್ರಿಟಿಯಂ ಸುಮಾರು 12.3 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ, ಸುಮಾರು 25 ವರ್ಷಕ್ಕೆ ಕಾಲುಭಾಗ. ಅಷ್ಟರಲ್ಲಿ ಫಾಸ್ಫರ್ ಕೂಡ ಸವೆಯುವುದರಿಂದ ಬೆಳಕು ಇನ್ನೂ ಬೇಗ ಇಳಿಯುತ್ತದೆ. ಅದಕ್ಕೇ ಈ ಬೋರ್ಡುಗಳನ್ನು 10 ವರ್ಷ, 20 ವರ್ಷ ಎಂದು ಬಾಳಿಕೆ ಬರೆದೇ ಮಾರುತ್ತಾರೆ. ಬಲ್ಬ್ ಸುಟ್ಟುಹೋದರೆ ಅವತ್ತೇ ಗೊತ್ತಾಗುತ್ತದೆ, ಇದು ಮಂಕಾಗುವುದು ಎಷ್ಟು ನಿಧಾನ ಎಂದರೆ ದಿನಾ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ, ಲೈಟ್ ಉರಿಯುತ್ತಿರುವಾಗ ಅಕ್ಷರ ಹೇಗಿದ್ದರೂ ಓದಬಹುದು ಅಲ್ವಾ? ಅದು ಬೇಕಾಗುವುದು ಕರೆಂಟ್ ಹೋಗಿ ಕತ್ತಲಾದಾಗ.

ಹಳೆಯದಾದರೆ ಕಸಕ್ಕೆ ಎಸೆಯುವಂತೆಯೂ ಇಲ್ಲ, ಪರವಾನಗಿ ಇರುವವರಿಗೇ ವಾಪಸ್ ಕೊಡಬೇಕೆಂದು ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ನಿಯಮ. ಆದರೂ ವಾಲ್‌ಮಾರ್ಟ್ 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಇಂಥ ಸುಮಾರು 15,800 ಬೋರ್ಡುಗಳು ಸಿಗಲಿಲ್ಲ. ಎಲ್ಲಿವೆ ಅಂತಲೇ ಗೊತ್ತಿಲ್ಲದಿದ್ದ ಮೇಲೆ ಡೇಟ್ ನೋಡುವವರು ಯಾರು?

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಮೆಟ್ಟಿಲುಗಳಲ್ಲಿ ಕಾಣುವ ಹಸಿರು ಸ್ಟಿಕ್ಕರ್ ಬೇರೆ ಜಾತಿ. ಅದರಲ್ಲಿ ಸಾಮಾನ್ಯವಾಗಿ ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಇರುತ್ತದೆ, ವಿಕಿರಣ ಇಲ್ಲ. ಅದು ಬೆಳಕು ಕುಡಿದು ಆಮೇಲೆ ಬಿಡುತ್ತದೆ. ಮೊದಲ ಕೆಲವು ನಿಮಿಷ ಚೆನ್ನಾಗಿ ಹೊಳೆದು, ಆಮೇಲೆ ಸರಸರ ಇಳಿದುಬಿಡುತ್ತದೆ. ಕರೆಂಟ್ ಉಳಿಸಲು ಅದೇ ಮೆಟ್ಟಿಲಿಗೆ ಸೆನ್ಸರ್ ಲೈಟ್ ಹಾಕಿದರೆ ಸ್ಟಿಕ್ಕರಿಗೆ ಬೆಳಕು ಸಿಗುವುದಾದರೂ ಯಾವಾಗ? ಯಾರೂ ಓಡಾಡದ ರಾತ್ರಿ ಬೆಂಕಿ ಬಿದ್ದರೆ ಅದು ಸುಮ್ನೆ ಪ್ಲಾಸ್ಟಿಕ್ ಹಾಳೆ.

ವೈರ್ ಎಳೆಯಲು ಆಗುವ ಕಡೆ ಬ್ಯಾಟರಿ ಇರುವ ಎಲ್‌ಇಡಿ ಬೋರ್ಡೇ ಒಳ್ಳೆಯದು ಅನ್ನುವವನು ನಾನು. ಟೆಸ್ಟ್ ಬಟನ್ ಒತ್ತಿದರೆ ಕೆಲಸ ಮಾಡುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಸ್ಟಿಕ್ಕರೇ ಸಾಕು ಅನ್ನುವ ಅಸೋಸಿಯೇಷನ್‌ನವರು ಒಂದು ರಾತ್ರಿ ಮೆಟ್ಟಿಲ ಲೈಟ್ ಪೂರ್ತಿ ಆರಿಸಿ, ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿಯದೆ ಹೋಗಿ ನೋಡಲಿ.