ಸುಮ್ನೆ ಟಚ್ ಆಯ್ತು

ತುಮಕೂರಿನಲ್ಲಿ ಗಾಡಿಗೆ ಗಾಡಿ ಗುದ್ದುವುದೇ ಇಲ್ಲ. ಬರೀ ಟಚ್ ಆಗುತ್ತವೆ. ಬಿ.ಎಚ್. ರಸ್ತೆಯಲ್ಲಿ ಹಿಂದಿನಿಂದ ಬಂದವನು ನಿಮ್ಮ ಇಂಡಿಕೇಟರ್ ಪುಡಿ ಮಾಡಿ, 'ಸುಮ್ನೆ ಟಚ್ ಆಯ್ತು ಬಿಡಿ ಸಾರ್' ಎನ್ನುತ್ತಾನೆ. ನಿಲ್ಲದೆ ಓಡಿಹೋದರೆ ಮಾತ್ರ ಅದು ಹಿಟ್ ಅಂಡ್ ರನ್. ಗುದ್ದಿದ ಗಾಡಿ ಪತ್ತೆಯಾಗದಿದ್ದರೆ ಸರ್ಕಾರದ ಪರಿಹಾರವೂ ಉಂಟು. 2022ರ ಏಪ್ರಿಲ್‌ನಿಂದ ಸತ್ತರೆ 2 ಲಕ್ಷ, ಜಾಸ್ತಿ ಗಾಯವಾದರೆ 50 ಸಾವಿರ. ಇಂಡಿಕೇಟರ್‌ಗೆ ಏನೂ ಇಲ್ಲ.

ಬೇರೆ ಕಡೆಯೆಲ್ಲ ಈ ಹಿಟ್‌ಗೆ ಎಷ್ಟು ಮರ್ಯಾದೆ! ಸಿನಿಮಾ ಓಡಿದರೆ ಹಿಟ್. ಜಿರಳೆಗೆ ಕೆಂಪು ಹಿಟ್, ಸೊಳ್ಳೆಗೆ ಕಪ್ಪು ಹಿಟ್. ನಮ್ಮ ಕಡೆ ಹಳ್ಳಿಗಳಲ್ಲಿ ಮುದ್ದೆಗೇ ಹಿಟ್ಟು ಅನ್ನುವುದು. ಬೀದಿಯಲ್ಲಿ ಆಡುತ್ತಿದ್ದರೆ ಅಜ್ಜಿ 'ಹಿಟ್ಟುಣ್ಣಾಕೆ ಬಾರ್ಲಾ' ಎಂದು ಕೂಗುತ್ತಿದ್ದಳು. ಬ್ಯಾಟು ಬಿಸಾಕಿ ಓಡುತ್ತಿದ್ದೆ. ಈಗ ಹಸಿವಾದರೆ ಆಪ್ ತೆಗೆಯುತ್ತೇನೆ. ಕೂಗುವವರು ಯಾರೂ ಇಲ್ಲ. ಇರಲಿ.

ನನ್ನ ಸಿಟ್ಟಿರುವುದು ಎದುರುಮನೆ ಮೇಷ್ಟ್ರ ಕಾರಿನ ಮೇಲೆ. ರಿಟೈರ್ ಆದ ದುಡ್ಡಿನಲ್ಲಿ ತಗೊಂಡದ್ದು. ರಿವರ್ಸ್ ಕ್ಯಾಮೆರಾ ಇದೆ, ಆದರೆ ಅವರಿಗೆ ನಂಬಿಕೆ ಹೆಂಡತಿಯ ಮೇಲೆ. ಆಯಮ್ಮ ಸೊಪ್ಪಿನ ಕಟ್ಟು ಹಿಡಿದುಕೊಂಡೇ ಕಾರಿನ ಹಿಂದೆ ನಿಂತು 'ಬನ್ನಿ, ಬನ್ನಿ, ಬನ್ನಿ' ಎನ್ನುತ್ತಾರೆ. ಒಂದೇ ರಾಗ. ಧಡ್ ಎಂದ ಮೇಲೆ 'ಸಾಕು!' ಈ ಸಾಕು ಒಂದು ದಿನವೂ ಧಡ್‌ಗಿಂತ ಮುಂಚೆ ಬಂದಿದ್ದಿಲ್ಲ.

ನಿನ್ನೆ ಬೆಳಗ್ಗೆ ಆ ಧಡ್ ನನ್ನ ಸ್ಕೂಟರಿನದು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದೆ. ಅಷ್ಟರಲ್ಲಿ ಮೇಷ್ಟ್ರು ಕಾರನ್ನು ಸ್ವಲ್ಪ ಮುಂದೆ ತಗೊಂಡು, ನೆಟ್ಟಗೆ ನಿಲ್ಲಿಸೋಣ ಅಂತ ಮತ್ತೆ ರಿವರ್ಸ್ ಹಾಕಿದರು. 'ಬನ್ನಿ, ಬನ್ನಿ...' ಧಡ್. 'ಸಾಕು!' ಕ್ರಿಕೆಟ್ಟಿನ 34ನೇ ನಿಯಮದ ಪ್ರಕಾರ ವಿಕೆಟ್ ಉಳಿಸಿಕೊಳ್ಳೋಕೆ ಬಿಟ್ಟರೆ ಬೇಕಂತಲೇ ಚೆಂಡಿಗೆ ಎರಡು ಸಲ ಹೊಡೆದವನು ಔಟ್. ನಮ್ಮ ಬೀದಿಯಲ್ಲಿ ನಾಟೌಟ್.

'ಟಚ್ ಆಯ್ತು ಅಷ್ಟೆ ಕಣಪ್ಪ' ಎಂದರು ಮೇಷ್ಟ್ರು. ಮಡ್‌ಗಾರ್ಡ್ ಚಕ್ರಕ್ಕೆ ಕಚ್ಚಿಕೊಂಡು ಗಾಡಿ ತಳ್ಳೋಕೂ ಬರುತ್ತಿರಲಿಲ್ಲ. ಹಿರಿಯರು, ಏನನ್ನೋದು? 'ಪರವಾಗಿಲ್ಲ ಬಿಡಿ ಮೇಷ್ಟ್ರೇ' ಎಂದೆ, ಪೇಸ್ಟಿನ ನೊರೆ ನುಂಗಿಕೊಂಡು.

ಸಂಜೆ ಬಂದು ಬಾಗಿಲು ಬಡಿದರು. ಪಾಪ, ಮೆಕ್ಯಾನಿಕ್ ಖರ್ಚು ಕೊಡೋಕೆ ಬಂದಿರಬೇಕು ಅಂದುಕೊಂಡೆ. ಕನ್ನಡಕ ಏರಿಸಿಕೊಂಡು, ಮೊಬೈಲಿನಲ್ಲಿ ತಮ್ಮ ಬಂಪರಿನ ಫೋಟೊ ಹುಡುಕಿ, ಬೆರಳಲ್ಲಿ ದೊಡ್ಡದು ಮಾಡಿ ತೋರಿಸಿದರು. ಕೂದಲೆಳೆಯಷ್ಟು ಗೆರೆ.

'ನೋಡಪ್ಪ, ನಿನ್ನ ಸ್ಕೂಟರ್ ಎಷ್ಟು ಜೋರಾಗಿ ಹಿಟ್ ಮಾಡಿದೆ!'