ಸೊಂಟದಿಂದ ಮೂಳೆ ತೆಗೆಯುವುದು ತಪ್ಪಿದರೆ ಅದೇ ದೊಡ್ಡ ಉಪಕಾರ

ಮೂಳೆ ಕೂಡದ ಜಾಗದಲ್ಲಿ ಹೊಸ ಮೂಳೆ ಬೆಳೆಯಲೆಂದು ಅಯಸ್ಕಾಂತ ಗುಣವಿರುವ, ಸ್ಪಂಜಿನಂತೆ ತೂತುಗಳಿರುವ ವಸ್ತು ಕೂರಿಸುವ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಓದಿ ತುಂಬಾ ಖುಷಿಯಾಯಿತು. ನಮ್ಮ ತಾಯಿಯ ಕಾಲಿನ ಮೂಳೆ ಕೂಡದೇ ಹೋದಾಗ ಅವರ ಸೊಂಟದಿಂದಲೇ ಮೂಳೆ ತೆಗೆದು ಅಲ್ಲಿಗೆ ತುಂಬಿದ್ದರು. ಕಾಲು ವಾಸಿಯಾಯಿತು. ಸೊಂಟದ ನೋವು ಮಾತ್ರ ತಿಂಗಳುಗಟ್ಟಲೆ ಕಾಡಿತು. ಹಾಗಾಗಿ ಇದು ನನಗೆ ಸುಮ್ನೆ ಓದಿ ಬಿಡುವ ಸುದ್ದಿಯಲ್ಲ.

ತೂತುಗಳ ಅಳತೆಯ ಬಗ್ಗೆ ಇನ್ನೂ ಸ್ವಲ್ಪ ಬರೆಯಬೇಕಿತ್ತು. ಎಲ್ಲ ನಿಂತಿರುವುದು ಅದರ ಮೇಲೇ ಅಲ್ವಾ? ಸುಮಾರು 100 ಮೈಕ್ರಾನ್ ಆದರೂ ಬೇಕು (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). 300 ದಾಟಿದರೆ ರಕ್ತನಾಳಗಳು ಒಳಗೆ ಚೆನ್ನಾಗಿ ಹಬ್ಬುತ್ತವೆ. ರಕ್ತ ತಲುಪದ ಕಡೆ ಮೂಳೆ ಬೆಳೆಯುವುದಿಲ್ಲ. ಆದರೆ ತೂತು ಜಾಸ್ತಿಯಾದಷ್ಟೂ ವಸ್ತುವಿನ ಗಟ್ಟಿತನ ಕಡಿಮೆಯಾಗುತ್ತದೆ. ಮೈಭಾರ ಹೊರುವ ಕಾಲಿಗೆ ಇದು ದೊಡ್ಡ ತೊಡಕು.

ಇಟಲಿಯ ಫಾಯೆಂಜಾ ಹಿಂದಿನಿಂದಲೂ ಪಿಂಗಾಣಿಗೆ ಹೆಸರಾದ ಊರು. ಅಲ್ಲಿನ ವಿಜ್ಞಾನಿಗಳು ಮೂಳೆಯ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಒಳಗೆ ಕಬ್ಬಿಣ ಸೇರಿಸಿ, ಅದಕ್ಕೇ ಅಯಸ್ಕಾಂತ ಗುಣ ಬರುವಂತೆ ಮಾಡಿದರು. 2012ರಲ್ಲಿ ಅದನ್ನು ಪ್ರಕಟಿಸಿದರು. ಅಯಸ್ಕಾಂತ ಗುಣಕ್ಕಾಗಿ ಐರನ್ ಆಕ್ಸೈಡ್ (ಕಬ್ಬಿಣ ಮತ್ತು ಆಮ್ಲಜನಕ ಸೇರಿದ ವಸ್ತು) ಪುಡಿಯನ್ನು ಹೆಚ್ಚು ಬೆರೆಸುವುದಕ್ಕಿಂತ ಈ ದಾರಿ ನನಗೆ ಹಿಡಿಸಿತು.

ಹೊರಗಿನ ಅಯಸ್ಕಾಂತದಿಂದ ಔಷಧಿ ಹೊತ್ತ ಅಯಸ್ಕಾಂತ ಕಣಗಳನ್ನು ಈ ವಸ್ತು ಕೂರಿಸಿದ ಜಾಗಕ್ಕೇ ಸೆಳೆಯಬಹುದು ಎಂದಿದ್ದೀರಿ. ಮೂಳೆಯ ಗಡ್ಡೆ ತೆಗೆಸಿಕೊಂಡವರಿಗೆ ಇದು ನಿಜವಾಗಿಯೂ ದೊಡ್ಡ ಆಸರೆ. ಒಂದು ಪ್ರಶ್ನೆ: ಮೈಯಲ್ಲಿ ಇಂಥ ವಸ್ತು ಇದ್ದರೆ ಆ ಜಾಗದ ಎಂಆರ್‌ಐ ಚಿತ್ರ ಕೆಡುತ್ತದೆ. ಗಡ್ಡೆ ಮತ್ತೆ ಬಂದಿದೆಯೇ ಎಂದು ನೋಡಬೇಕಾದವರಿಗೆ ವೈದ್ಯರು ಏನು ಮಾಡುತ್ತಾರೆ? ದಯವಿಟ್ಟು ಮುಂದಿನ ಲೇಖನದಲ್ಲಿ ಬರೆಯಿರಿ.